ಪತ್ರ, ರುಜು, ಮೊಹರು

ಬೆಂಗಳೂರಿನ ಮಲ್ಲೇಶ್ವರಕ್ಕೆ ಆ ಹೆಸರು ಬಂದುದು ಅಲ್ಲಿನ ಕಾಡು ಮಲ್ಲೇಶ್ವರ ದೇವಾಲಯದಿಂದ. ಈ ದೇವಾಲಯಕ್ಕೆ ಸಂಬಂಧಿಸಿದ 1669ರ ಶಾಸನವೊಂದುಂಟು. ಶಹಾಜಿಯ ಮಗನೂ ಶಿವಾಜಿಯ ಮಲಸಹೋದರನೂ ಆದ ಏಕೋಜಿಯು ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಎಂಬ ಊರನ್ನು ದತ್ತಿಯಾಗಿ ಬಿಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಆ ಹಳ್ಳಿ ನಗರದ ಬೀದಿಗಳಲ್ಲಿ ಎಂದೋ ಕರಗಿಹೋಯಿತು. ದಾನ ಕೊಟ್ಟವರೂ ಇಲ್ಲ, ಅದನ್ನು ಕಣ್ಣಾರೆ ಕಂಡವರೂ ಇಲ್ಲ. ಆದರೂ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದೇನು, ಕೊಟ್ಟದ್ದೆಂದು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಬರಹ ಮೂರೂವರೆ ಶತಮಾನಗಳ ತರುವಾಯವೂ ಉತ್ತರ ಹೇಳುತ್ತದೆ.

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ಪರಿಚಿತವಾದುದೇ. ಕಾಲದ ನಿರ್ದೇಶ, ದಾನಿಯ ಹೆಸರು, ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ದಾನವನ್ನು ಕೆಡಿಸಿದವರಿಗೆ ಶಾಪ, ಅನೇಕ ವೇಳೆ ಬರೆದವನ ಇಲ್ಲವೆ ಕಂಡರಿಸಿದವನ ಹೆಸರು. ಮನುಷ್ಯರು ಅಳಿದರೂ ಸೂರ್ಯಚಂದ್ರರು ಅಳಿಯುವುದಿಲ್ಲವಾದುದರಿಂದ ಅವರನ್ನೂ ಸಾಕ್ಷಿಗೆ ಕರೆಯುತ್ತಿದ್ದರು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕ್ರಯಪತ್ರವೇನಾದರೂ ಇದ್ದರೆ ಹಿರಿಯರನ್ನು ಕೇಳಿ ಒಮ್ಮೆ ಬಿಚ್ಚಿ ನೋಡಿರಿ. “ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ” ಎಂದು ಅದು ಮೊದಲಾಗುತ್ತದೆ. ಕೊನೆಯಲ್ಲಿ ‘ಚಕ್ಕುಬಂದಿ’ ಎಂಬ ತಲೆಬರಹದ ಕೆಳಗೆ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು ಎಂದು ಬರೆದಿರುತ್ತದೆ. ಪತ್ರ ಬರೆದವನು ‘ಬಿಕ್ಕಲಂ’ ಎಂದು ನಮೂದಿಸಿ ತನ್ನ ಹೆಸರನ್ನು ಹಾಕಿರುತ್ತಾನೆ. ನಡುವೆ ಎಲ್ಲಿಯೋ ‘ಆಚಂದ್ರಾರ್ಕ’ ಎಂಬ ಮಾತು ಕೂಡ ಉಳಿದುಕೊಂಡಿರಬಹುದು. ಕಲ್ಲಿನ ಮೇಲಿದ್ದುದು ಕಾಗದಕ್ಕೆ ಇಳಿದಿದೆ. ಶಾಪದ ಸ್ಥಾನವನ್ನು ಮಾತ್ರ ದಂಡಸಂಹಿತೆ ತೆಗೆದುಕೊಂಡಿದೆ.

ಎಲ್ಲ ವ್ಯವಹಾರವನ್ನೂ ಕಲ್ಲಿನ ಮೇಲೆ ಬರೆಯಲಾಗದಷ್ಟೆ. ದಿನದಿನದ ಲೆಕ್ಕಕ್ಕೆ ನಮ್ಮ ಹಿಂದಿನವರು ಕಡತವನ್ನು ಬಳಸುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇಂದು ಕಚೇರಿಗಳಲ್ಲಿ ಫೈಲನ್ನು ಕಡತವೆಂದು ಕರೆಯುವಾಗ ನಾವು ಆ ಕಪ್ಪು ಬಟ್ಟೆಯನ್ನೇ ನೆನೆಯುತ್ತಿರುತ್ತೇವೆ. ಕಡತಕ್ಕೆ ಒಂದು ಅನುಕೂಲವಿತ್ತು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಅದರ ದೋಷವೂ ಅದೇ. ಅಳಿಸಲು ಬರುವ ಬರಹವನ್ನು ನಂಬಿ ಮನೆ ಮಠಗಳನ್ನು ಕೊಟ್ಟು ತೆಗೆದುಕೊಳ್ಳುವುದು ಹೇಗೆ? ಅಳಿಸಬಾರದ ಬರಹವೊಂದು ಬೇಕು, ಅದನ್ನು ಬರೆಸಿಕೊಟ್ಟವನು ತಾನಲ್ಲವೆಂದು ಮುಂದೆ ಹೇಳದಂತೆ ಒಂದು ಕಟ್ಟೂ ಬೇಕು. ಕಾನೂನಿನ ಪತ್ರಗಳ ಕಥೆಯೆಲ್ಲ ಈ ಎರಡು ಅಗತ್ಯಗಳಿಂದ ಹುಟ್ಟಿದುದು.

ಈ ವಿಚಾರವನ್ನು ಕುರಿತು ಕನ್ನಡ ನಾಡಿನಲ್ಲೇ ಬಹು ಹಿಂದೆ ಆಳವಾದ ಚಿಂತನೆ ನಡೆದಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯ ಹಂಚಿಕೆ ಶತಮಾನಗಳ ಕಾಲ ಈ ಗ್ರಂಥವನ್ನು ಅನುಸರಿಸಿಯೇ ನಡೆಯಿತು. ಆ ಸ್ಮೃತಿಯಲ್ಲಿ ಸಾಲಪತ್ರದ ವಿಚಾರವಾಗಿಯೇ ಒಂದು ಪ್ರಕರಣವಿದೆ. ಸಾಲ ಪಡೆದವನು ‘ಮೇಲೆ ಬರೆದುದು ಇಂಥವನ ಮಗನಾದ ನನಗೆ ಸಮ್ಮತ’ ಎಂದು ತನ್ನ ಕೈಯಿಂದ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನೊಡನೆ ತಮ್ಮ ಹೆಸರನ್ನು ತಾವೇ ಬರೆಯಬೇಕು. ಉಭಯರೂ ಕೇಳಿಕೊಂಡುದರಿಂದ ತಾನು ಬರೆದೆನೆಂದು ಲೇಖಕನು ಕೊನೆಯಲ್ಲಿ ಒಪ್ಪಿಕೊಳ್ಳಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಪ್ರಾಮಿಸರಿ ನೋಟಿನ ಹಣ ತೀರಿಸಿಯೂ ಆ ನೋಟನ್ನು ಹಿಂದಕ್ಕೆ ಪಡೆಯದೆ ಎರಡನೆಯ ಬಾರಿ ಹಣ ಕಟ್ಟುವ ಜನರು ಇಂದಿಗೂ ಇದ್ದಾರೆ. ಅವರು ಈ ಕೊನೆಯ ಮಾತೊಂದನ್ನು ತಿಳಿದಿದ್ದರೂ ಸಾಕಾಗಿತ್ತು.

ಇನ್ನು ನಮ್ಮ ಕಾಲದ ಪತ್ರಗಳಿಗೆ ಬರೋಣ. 1892ರ ಸುಮಾರಿಗೆ ಚಾಮರಾಜಪೇಟೆಯೂ, 1898ರ ಪ್ಲೇಗು ಹಾವಳಿಯ ಆಸುಪಾಸಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳೂ ರೂಪುಗೊಂಡವು. ಅಂದು ಕಟ್ಟಿದ ಹೆಂಚಿನ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಮುಂದೆ ಜಗಲಿ, ಹಿಂದೆ ತೆಂಗಿನ ಮರ. ನಾಲ್ಕು ತಲೆಮಾರುಗಳಲ್ಲಿ ಆ ಒಂದು ಮನೆಯ ಸುತ್ತ ಎಷ್ಟು ಬಗೆಯ ಪತ್ರಗಳು ಹುಟ್ಟಬಲ್ಲವು! ಮೊದಲನೆಯವನು ಅದನ್ನು ಕೊಂಡಾಗ ಕ್ರಯಪತ್ರ. ಮಗಳ ಮದುವೆಗೆ ಸಾಲ ತಂದಾಗ ಅಡಮಾನಪತ್ರ. ಮಕ್ಕಳು ಬೇರೆಯಾದಾಗ ವಿಭಾಗಪತ್ರ, ಎಂದರೆ ಪಾಲುಪಟ್ಟಿ. ಹಿರಿಯರು ತಮ್ಮ ಅನಂತರ ಆಸ್ತಿ ಯಾರಿಗೆ ಸೇರಬೇಕೆಂದು ಬರೆದಿಟ್ಟರೆ ಉಯಿಲು. ಪ್ರೀತಿಯಿಂದ ಜೀವಿತಕಾಲದಲ್ಲಿಯೇ ಕೊಟ್ಟರೆ ದಾನಪತ್ರ. ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಬಿಟ್ಟಾಗ ಬಾಡಿಗೆ ಕರಾರು. ಮೊಮ್ಮಗ ಅಮೆರಿಕದಲ್ಲಿ ನೆಲೆಸಿದ್ದು ಇಲ್ಲಿನ ವ್ಯವಹಾರವನ್ನು ಚಿಕ್ಕಪ್ಪನಿಗೆ ಒಪ್ಪಿಸಿದರೆ ಅಧಿಕಾರಪತ್ರ. ಇದನ್ನು ಹಳಬರು ಮುಖ್ತ್ಯಾರ್‌ನಾಮೆ ಎನ್ನುತ್ತಿದ್ದರು.

ಇವೆಲ್ಲಕ್ಕೂ ಒಂದೇ ನಿಯಮವಿಲ್ಲ. ಜನರು ಎಡವುವುದು ಇಲ್ಲಿಯೇ. 100 ರೂಪಾಯಿಗೆ ಕಡಿಮೆಯಿಲ್ಲದ ಸ್ಥಿರಾಸ್ತಿಯನ್ನು ಮಾರುವ ಪತ್ರವು 1908ರ ನೋಂದಣಿ ಅಧಿನಿಯಮದಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ರುಜು ಮಾಡಿದ ನಾಲ್ಕು ತಿಂಗಳೊಳಗೆ ಅದನ್ನು ಹಾಜರುಪಡಿಸಬೇಕು. 100 ರೂಪಾಯಿ ಎಂಬ ಮೊತ್ತವನ್ನು ನೋಡಿ ನಗಬೇಡಿರಿ. ಆ ಕಾಲಕ್ಕೆ ಅದು ದೊಡ್ಡ ಹಣ. ಇಂದು ಅಷ್ಟು ಹಣಕ್ಕೆ ಗಾಂಧಿ ಬಜಾರಿನಲ್ಲಿ ಒಂದಿಷ್ಟು ಹೂವು ಬರಬಹುದು, ಅಂಗೈಯಗಲ ನೆಲವೂ ಬಾರದು. ಆದುದರಿಂದ ಮನೆ, ನಿವೇಶನಗಳ ಮಾರಾಟವೆಲ್ಲ ಈ ನಿಯಮದೊಳಗೆ ಬಂದೇ ಬರುತ್ತದೆ. ಸ್ಥಿರಾಸ್ತಿಯ ದಾನಪತ್ರಕ್ಕೂ ನೋಂದಣಿ ಕಡ್ಡಾಯ.

ಉಯಿಲಿನ ರೀತಿಯೇ ಬೇರೆ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಸ್ವಸ್ಥಚಿತ್ತನಾದ ವಯಸ್ಕನು ಬಿಳಿಯ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳೆದುರು ರುಜು ಮಾಡಿ, ಅವರೂ ಅವನೆದುರು ರುಜು ಮಾಡಿದರೆ ಸಾಕು. ಬದುಕಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹೀಗೆ ಸುಲಭವಾಗಿರುವುದರಿಂದಲೇ ಉಯಿಲುಗಳ ಮೇಲೆ ನ್ಯಾಯಾಲಯದಲ್ಲಿ ಜಗಳ ಹೆಚ್ಚು. ಕಡ್ಡಾಯವಲ್ಲದಿದ್ದರೂ ಉಯಿಲನ್ನು ನೋಂದಾಯಿಸುವುದು ವಿವೇಕವೆಂದು ನನ್ನ ಎಣಿಕೆ.

ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯುವುದೇಕೆಂದು ನಿಮ್ಮಲ್ಲಿ ಕೆಲವರಾದರೂ ಯೋಚಿಸಿರಬೇಕು. ಒಂದು ವರ್ಷವನ್ನು ಮೀರಿದ ಅವಧಿಯ ಕರಾರಿಗೆ ನೋಂದಣಿ ಬೇಕು. ಆ ಖರ್ಚನ್ನು ತಪ್ಪಿಸಲು ಒಂದು ತಿಂಗಳನ್ನು ಕಳೆದುಬಿಟ್ಟರು. ಇದರಲ್ಲಿ ಬೇರೆ ರಹಸ್ಯವಿಲ್ಲ. ಬೆಂಗಳೂರಿನಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕಗಳನ್ನೂ ನೀವು ಕಂಡಿರುವಿರಿ. ಲಕ್ಷಗಟ್ಟಲೆ ಹಣವನ್ನು ಒಂದೇ ಗಂಟಾಗಿ ಕೊಟ್ಟು, ಬಾಡಿಗೆಯಿಲ್ಲದೆ ಕೆಲವು ವರ್ಷ ವಾಸಿಸಿ, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಅದು. ಜೀವಮಾನದ ಉಳಿತಾಯವನ್ನೇ ಕೊಡುವ ಇಂಥ ವ್ಯವಹಾರವನ್ನು ನೋಂದಣಿಯಿಲ್ಲದ ಎರಡು ಹಾಳೆಗಳಲ್ಲಿ ಮುಗಿಸುವವರನ್ನು ಕಂಡರೆ ಭಯವಾಗುತ್ತದೆ.

ವಿಭಾಗಪತ್ರದ ಮಾತು ಬಂದಾಗ ವಿದ್ಯಾರ್ಥಿನಿಯರು ಗಮನಿಸಬೇಕಾದ ಸಂಗತಿಯೊಂದಿದೆ. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲುಂಟೆಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದಿತು. ಅಂದಿಗೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ಕಾನೂನು ಬಂದು ಆ ಭೇದವೂ ಹೋಯಿತು. ಅಂದಿನಿಂದ ‘ಹಕ್ಕು ಬಿಡುಗಡೆ ಪತ್ರ’ ಎಂಬುದು ಅನೇಕ ಮನೆಗಳಲ್ಲಿ ಕಾಣಿಸಿಕೊಳ್ಳತೊಡಗಿದೆ. ಹಬ್ಬಕ್ಕೆಂದು ತವರಿಗೆ ಬಂದ ತಂಗಿಗೆ ಅರಿಸಿನ ಕುಂಕುಮ, ರವಿಕೆಯ ಕಣ ಕೊಟ್ಟು, “ಇಲ್ಲೊಂದು ರುಜು ಹಾಕಮ್ಮ” ಎನ್ನುವುದುಂಟು. ತಿಳಿದು, ಮನಸಾರೆ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವುದು ಅವಳ ಇಚ್ಛೆ. ಅದನ್ನು ಯಾರೂ ಆಕ್ಷೇಪಿಸಲಾರರು. ತಿಳಿಯದೆ ಬಿಟ್ಟುಕೊಟ್ಟರೆ ಅದಕ್ಕೆ ಬಿಡುಗಡೆಯೆಂಬ ಹೆಸರು ಹೇಗೆ ಒಪ್ಪೀತು?

ಆಸ್ತಿಯೇ ಇಲ್ಲದವರಿಗೂ ಎದುರಾಗುವ ಪತ್ರವೆಂದರೆ ಪ್ರಮಾಣಪತ್ರ. ಇದನ್ನು ಅಫಿಡವಿಟ್ ಎಂದೇ ಎಲ್ಲರೂ ಬಲ್ಲರು. ಅಂಕಪಟ್ಟಿ ಕಳೆದುಹೋಗಿರಬಹುದು, ಒಂದು ದಾಖಲೆಯಲ್ಲಿ ಹೆಸರು ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ ಇರಬಹುದು, ಮದುವೆಯ ಅನಂತರ ಹೆಸರು ಬದಲಾಗಿರಬಹುದು. ಆಗ ನಡೆದ ಸಂಗತಿಯನ್ನು ಬರೆದು, ಅದು ಸತ್ಯವೆಂದು ಪ್ರಮಾಣ ಮಾಡಿ, ಅಧಿಕಾರವುಳ್ಳವರ ಎದುರು ರುಜು ಮಾಡಬೇಕಾಗುತ್ತದೆ. ತಾನು ಕಣ್ಣಾರೆ ಬಲ್ಲುದು ಯಾವುದು, ಕೇಳಿ ನಂಬಿರುವುದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಹೇಳಬೇಕು. ಸುಳ್ಳು ಪ್ರಮಾಣಕ್ಕೆ ಸೆರೆಮನೆಯ ಶಿಕ್ಷೆ ಉಂಟು. ನಕಲು ಪ್ರತಿಗಳ ವಿಷಯದಲ್ಲಿ ಮಾತ್ರ ಈಚೆಗೆ ತೊಂದರೆ ಕಡಿಮೆಯಾಗಿದೆ. ಹಿಂದೆ ಅಂಕಪಟ್ಟಿಯ ಪ್ರತಿಯೊಂದು ನಕಲಿಗೂ ಗೆಜೆಟೆಡ್ ಅಧಿಕಾರಿಯ ರುಜುವಿಗಾಗಿ ಅಲೆಯಬೇಕಾಗಿತ್ತು. 2014ರಿಂದೀಚೆಗೆ ಕೇಂದ್ರ ಸರ್ಕಾರವು ಸ್ವಂತ ದೃಢೀಕರಣಕ್ಕೆ ಪ್ರೋತ್ಸಾಹ ಕೊಟ್ಟುದರಿಂದ ಬಹಳ ಕಡೆ ಅರ್ಜಿದಾರನ ರುಜುವೇ ಸಾಕಾಗುತ್ತದೆ.

ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತದ ಸಮೀಪದಲ್ಲಿರುವ ಸಿವಿಲ್ ನ್ಯಾಯಾಲಯಗಳ ಕಟ್ಟಡದ ಬಳಿ ಬೆಳಗ್ಗೆ ಹತ್ತು ಗಂಟೆಯ ವೇಳೆಗೆ ಹೋದರೆ ಕಪ್ಪು ಕೋಟು ಧರಿಸಿದ ನೋಟರಿಗಳನ್ನು ಕಾಣಬಹುದು. ಎದುರಿಗೊಂದು ಮೇಜು, ಮೇಜಿನ ಮೇಲೆ ದಪ್ಪನೆಯ ದಾಖಲೆ ಪುಸ್ತಕ, ಮಸಿಮೆತ್ತೆ, ಗುಂಡನೆಯ ಮೊಹರು. ಬಸವನಗುಡಿ, ಮಲ್ಲೇಶ್ವರಗಳ ಅಡ್ಡರಸ್ತೆಗಳಲ್ಲಿಯೂ ‘ವಕೀಲರು ಮತ್ತು ನೋಟರಿ’ ಎಂಬ ಫಲಕಗಳು ಕಾಣುತ್ತವೆ. ಪ್ರಾಚೀನ ರೋಮಿನಲ್ಲಿ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಲಿಪಿಕಾರರಿಗೆ ಇದ್ದ ಹೆಸರಿನಿಂದ ಈ ಪದ ಬಂದಿದೆ. ಫ್ರಾನ್ಸ್, ಇಟಲಿ ಮೊದಲಾದ ದೇಶಗಳಲ್ಲಿ ಆಸ್ತಿಯ ಪತ್ರವನ್ನು ನೋಟರಿಯೇ ಸಿದ್ಧಪಡಿಸಿ ಮೂಲಪ್ರತಿಯನ್ನು ತಾನೇ ಕಾಪಾಡುತ್ತಾನೆ; ಅಲ್ಲಿ ಅವನ ಅಧಿಕಾರ ಹಿರಿದು. ನಮ್ಮಲ್ಲಿ ಹಾಗಲ್ಲ. 1881ರ ಕಾನೂನೊಂದು ಹುಂಡಿ, ನೋಟುಗಳ ಸಂಬಂಧವಾಗಿ ನೋಟರಿಗಳ ನೇಮಕಕ್ಕೆ ಅವಕಾಶ ಕೊಟ್ಟಿತ್ತು. ಸ್ವಾತಂತ್ರ್ಯಾನಂತರ 1952ರಲ್ಲಿ ನೋಟರಿಗಳಿಗಾಗಿಯೇ ಅಧಿನಿಯಮವಾಗಿ, 1956ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂದಿತು.

ಸಾಮಾನ್ಯವಾಗಿ 10 ವರ್ಷ ವಕೀಲಿ ನಡೆಸಿದವರನ್ನು ಕೇಂದ್ರ ಸರ್ಕಾರ ಇಲ್ಲವೆ ರಾಜ್ಯ ಸರ್ಕಾರ ನೋಟರಿಯಾಗಿ ನೇಮಿಸುತ್ತದೆ. ಮಹಿಳೆಯರಿಗೂ ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡಗಳವರಿಗೂ 7 ವರ್ಷ ಸಾಕು. ಗೊತ್ತುಪಡಿಸಿದ ಪ್ರದೇಶದೊಳಗೆ ಮಾತ್ರ ಅವರು ಕೆಲಸ ಮಾಡತಕ್ಕದ್ದು. ಅವರ ಮೊಹರು 5 ಸೆಂಟಿಮೀಟರ್ ವ್ಯಾಸದ ವೃತ್ತವಾಗಿರಬೇಕು. ಅದರಲ್ಲಿ ಹೆಸರು, ಪ್ರದೇಶ, ನೋಂದಣಿ ಸಂಖ್ಯೆಗಳಿರಬೇಕು. ಪತ್ರಕ್ಕೆ ರುಜು ಆದುದನ್ನು ದೃಢೀಕರಿಸುವುದು, ಪ್ರಮಾಣ ಮಾಡಿಸುವುದು, ಭಾಷಾಂತರ ಸರಿಯಿದೆಯೆಂದು ಪರಿಶೀಲಿಸುವುದು, ಹಣ ಸಂದಾಯವಾಗದ ಹುಂಡಿಯ ವಿಚಾರವನ್ನು ದಾಖಲು ಮಾಡುವುದು ಇವು ನೋಟರಿಯ ಮುಖ್ಯ ಕೆಲಸಗಳು. ಹಡಗಿಗೆ ಸಮುದ್ರದಲ್ಲಿ ಹಾನಿಯಾದರೆ ಆ ಸಂಗತಿಯನ್ನು ದಾಖಲಿಸುವ ಅಧಿಕಾರವೂ ಅವರಿಗುಂಟು. ಮಂಗಳೂರಿನಲ್ಲಿ ಅದು ಉಪಯೋಗಕ್ಕೆ ಬಂದೀತು, ಚಾಮರಾಜಪೇಟೆಗೆ ಯಾವ ಹಡಗು ಬರಬೇಕು?

ನೋಟರಿಯ ಮೊಹರು ಹೇಳುವುದೇನು ಎಂಬುದನ್ನು ಸ್ಪಷ್ಟವಾಗಿ ಅರಿತುಕೊಳ್ಳಬೇಕು. ಇಂಥ ವ್ಯಕ್ತಿ, ಇಂಥ ದಿನ, ಇಂಥ ಸ್ಥಳದಲ್ಲಿ, ನನ್ನೆದುರಿಗೆ ಈ ಪತ್ರಕ್ಕೆ ರುಜು ಮಾಡಿದನು. ಆತನೇ ಈತನೆಂದು ನಾನು ಪರೀಕ್ಷಿಸಿದ್ದೇನೆ. ಅದು ಹೇಳುವುದು ಇಷ್ಟೇ. ಪತ್ರದೊಳಗೆ ಬರೆದುದೆಲ್ಲ ಸತ್ಯವೆಂದು ಅದು ಹೇಳುವುದಿಲ್ಲ. ಮಾರುವವನಿಗೆ ಆ ಮನೆ ನಿಜವಾಗಿ ಸೇರಿದ್ದೆಂದೂ ಹೇಳುವುದಿಲ್ಲ. ನೋಂದಣಿಯ ಸ್ಥಾನವನ್ನು ಅದು ತುಂಬಲಾರದು. ನೋಟರಿಯ ಮುಂದೆ ಮಾಡಿದ ಕಾಗದದಿಂದ ಮದುವೆಯೂ ಆಗದು, ವಿಚ್ಛೇದನವೂ ಆಗದು. ಆದರೂ ಕೆಂಪು ಮೊಹರನ್ನು ಕಂಡೊಡನೆ ಎಲ್ಲವೂ ಭದ್ರವಾಯಿತೆಂದು ನಂಬುವವರು ಬಹಳ. ಅಧಿಕಾರಪತ್ರವೊಂದನ್ನು ಬರೆಸಿಕೊಂಡು, ಹಣವೆಲ್ಲ ಕೊಟ್ಟು, ನಿವೇಶನ ಕೊಂಡೆವೆಂದು ಸಂತೋಷಪಟ್ಟ ಜನ ಬೆಂಗಳೂರಿನಲ್ಲಿ ಎಷ್ಟಿಲ್ಲ! ಇಂಥ ಪತ್ರಗಳಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿತು.

ಕಾಗದದ ಮೇಲೆ ಇಟ್ಟ ಇಂಥದೇ ಕುರುಡುನಂಬಿಕೆಗೆ ನಮ್ಮ ರಾಜ್ಯವು ಒಮ್ಮೆ ದೊಡ್ಡ ಬೆಲೆ ತೆತ್ತಿದೆ. ಛಾಪಾ ಕಾಗದವೆಂದರೆ ಸರ್ಕಾರಕ್ಕೆ ಸಲ್ಲಬೇಕಾದ ಮುದ್ರಾಂಕ ಶುಲ್ಕವನ್ನು ಕಟ್ಟಿದುದರ ಗುರುತು. ಅದಕ್ಕಿಂತ ಹೆಚ್ಚಿನ ಶಕ್ತಿ ಅದಕ್ಕಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಎಂಬಾತನು ಈ ಕಾಗದವನ್ನೇ ಖೋಟಾ ಮುದ್ರಿಸಿ ಹಲವು ರಾಜ್ಯಗಳಲ್ಲಿ ಹಂಚಿದನು. 2001ರಲ್ಲಿ ಅವನ ಬಂಧನವಾಯಿತು. ಆ ಹಗರಣದ ತರುವಾಯ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದಗಳ ಮಾರಾಟ ನಿಂತು, ಗುರುತಿನ ಸಂಖ್ಯೆಯುಳ್ಳ, ಗಣಕಯಂತ್ರದಲ್ಲಿ ತಾಳೆ ನೋಡಬಹುದಾದ ಇ-ಸ್ಟಾಂಪ್ ಪದ್ಧತಿ ಬಂದಿತು.

ಈಗ ನಾನು ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ನಡೆದು ಸುಮಾರು ಮೂವತ್ತು ವರ್ಷಗಳಾಗಿವೆ. ಆಗ ನಾನು ಚಾಮರಾಜಪೇಟೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆ. ಪಕ್ಕದ ಹೆಂಚಿನ ಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಯಜಮಾನರು ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯ ಖಾತೆ ಇನ್ನೂ ಯಜಮಾನರ ಹೆಸರಿನಲ್ಲಿಯೇ ಇತ್ತು. ಅದನ್ನು ಅಜ್ಜಿಯ ಹೆಸರಿಗೆ ಮಾಡಿಸಿಕೊಡುವೆನೆಂದು ಸಂಬಂಧಿಕನೊಬ್ಬನು ಮುಂದೆ ಬಂದನು. ಪಾಲಿಕೆಯ ಕಚೇರಿಗೆ ಅವರು ಪದೇ ಪದೇ ಅಲೆಯಬಾರದೆಂದು ಒಂದು ಅಧಿಕಾರಪತ್ರವನ್ನೂ ಟೈಪು ಮಾಡಿಸಿ ತಂದನು. ಅಜ್ಜಿಯನ್ನು ಗುರುತಿಸಲು ಪರಿಚಿತರೊಬ್ಬರು ಬೇಕಾಗಿತ್ತು. “ನೀನೇ ಬಾರಪ್ಪ, ದಿನಾ ನೋಡುವವನು” ಎಂದು ಅಜ್ಜಿ ನನ್ನನ್ನು ಕರೆದರು. ಮೂವರೂ ಆಟೋರಿಕ್ಷಾದಲ್ಲಿ ನೋಟರಿಯ ಬಳಿಗೆ ಹೋದೆವು.

ಪತ್ರ ಇಂಗ್ಲಿಷಿನಲ್ಲಿ ನಾಲ್ಕು ಪುಟವಿತ್ತು. ನಾನು ಪದವೀಧರನಾಗಿಯೂ ಅದನ್ನು ಓದಿರಲಿಲ್ಲ. ಗುರುತಿಸುವವನು ನಾನು, ಓದುವ ಕೆಲಸ ನನ್ನದಲ್ಲ ಎಂದುಕೊಂಡಿದ್ದೆ. ನೋಟರಿ ವಯಸ್ಸಾದವರು. ಕನ್ನಡಕವನ್ನು ಹಣೆಗೇರಿಸಿ, ಪುಸ್ತಕದಲ್ಲಿ ಕ್ರಮಸಂಖ್ಯೆ, ದಿನಾಂಕ, ಅಜ್ಜಿಯ ಹೆಸರು ಬರೆದುಕೊಂಡರು. ರುಜುವಿನ ಅಂಕಣವನ್ನು ಹಾಗೆಯೇ ಬಿಟ್ಟು ಪತ್ರವನ್ನು ತಿರುವಿಹಾಕತೊಡಗಿದರು. ಮೂರನೆಯ ಪುಟದಲ್ಲಿ ಅವರ ಕೈ ನಿಂತಿತು.

“ತಾಯಿ, ನಿಮಗೆ ಇಂಗ್ಲಿಷ್ ಬರುತ್ತದೆಯೆ?”

“ಇಲ್ಲ ಸ್ವಾಮಿ. ಕನ್ನಡ ಓದುತ್ತೇನೆ, ರುಜು ಮಾಡುತ್ತೇನೆ.”

“ಇದರಲ್ಲಿ ಏನು ಬರೆದಿದೆಯೆಂದು ಯಾರಾದರೂ ಹೇಳಿದರೆ?”

“ಖಾತೆಯ ಕಾಗದವಂತೆ. ಇವನು ನಮ್ಮ ಮೈದುನನ ಮಗ, ಎಲ್ಲ ಇವನೇ ಓಡಾಡುತ್ತಿದ್ದಾನೆ.”

ಸಂಬಂಧಿಕನು ನಡುವೆ ಬಾಯಿ ಹಾಕಿ, “ಎಲ್ಲ ಮಾಮೂಲಿ ಫಾರಂ ಸಾರ್, ಟೈಪಿಂಗಿನವರೇ ಹಾಕಿದ್ದು. ಹೊತ್ತಾಗುತ್ತಿದೆ” ಎಂದನು. ನೋಟರಿ ಅವನ ಕಡೆ ನೋಡಲಿಲ್ಲ. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ನಿಧಾನವಾಗಿ ಹೇಳುತ್ತ ಬಂದರು. ಪಾಲಿಕೆಯಲ್ಲಿ ಅರ್ಜಿ ಕೊಡುವುದು, ತೆರಿಗೆ ಕಟ್ಟುವುದು ಮೊದಲ ಎರಡು ಪುಟಗಳಲ್ಲಿದ್ದವು. ಅಜ್ಜಿ ತಲೆದೂಗುತ್ತಿದ್ದರು. “ಸದರಿ ಮನೆಯನ್ನು ತನಗೆ ತೋರಿದ ಬೆಲೆಗೆ ಯಾರಿಗಾದರೂ ಮಾರುವುದಕ್ಕೂ, ಅಡವಿಡುವುದಕ್ಕೂ, ಹಣ ಪಡೆದು ರಶೀತಿ ಕೊಡುವುದಕ್ಕೂ ಇವರಿಗೆ ಅಧಿಕಾರ ಕೊಟ್ಟಿದ್ದೇನೆ” ಎಂಬಲ್ಲಿಗೆ ಬಂದಾಗ ತಲೆ ನಿಂತಿತು.

“ಮಾರುವುದಕ್ಕೆ?” ಎಂದರು ಅಜ್ಜಿ.

“ಹೌದು ತಾಯಿ. ನೀವು ಇದಕ್ಕೆ ರುಜು ಮಾಡಿದರೆ ಮಾರುವ ಅಧಿಕಾರವನ್ನು ಕೊಟ್ಟಂತಾಗುತ್ತದೆ. ನಿಮ್ಮ ಮನಸ್ಸಿನಲ್ಲಿ ಹಾಗಿದ್ದರೆ ರುಜು ಮಾಡಬಹುದು, ನಾನು ಮೊಹರು ಹಾಕುತ್ತೇನೆ. ಖಾತೆಯ ಕೆಲಸಕ್ಕಷ್ಟೇ ಆದರೆ ಅದೊಂದನ್ನೇ ಬರೆದ ವಿಶೇಷ ಅಧಿಕಾರಪತ್ರ ಸಾಕು. ಒಂದು ಪುಟ, ಕನ್ನಡದಲ್ಲಿ.”

ಆ ಸಂಬಂಧಿಕನ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಟೈಪಿಂಗಿನವನು ಹಳೆಯ ನಮೂನೆಯೊಂದನ್ನು ಹಾಗೆಯೇ ಬಡಿದುಕೊಟ್ಟಿದ್ದರೂ ಕೊಟ್ಟಿರಬಹುದು, ಹಾಗಾಗುವುದು ಅಪರೂಪವೇನಲ್ಲ. ಕಾನೂನನ್ನು ಕಟ್ಟುನಿಟ್ಟಾಗಿ ನೋಡಿದರೆ ಅಜ್ಜಿಯೇ ಅಜ್ಜಿಯೆಂದು ಖಚಿತಪಡಿಸಿಕೊಂಡು, ರುಜು ಮಾಡಿಸಿಕೊಂಡು, ಶುಲ್ಕ ಪಡೆದು ಆ ವಕೀಲರು ಕಳುಹಿಸಿಬಿಡಬಹುದಾಗಿತ್ತು. ಅವರ ಮುಂದೆ ಸರದಿಯಲ್ಲಿ ಇನ್ನೂ ಏಳೆಂಟು ಮಂದಿ ನಿಂತಿದ್ದರು. ಆದರೆ ರುಜು ಎಂಬುದು ಕೈಯ ಚಲನೆ ಮಾತ್ರವೆಂದು ಅವರು ಎಣಿಸಿರಲಿಲ್ಲ. ಅವರು ನನ್ನ ಕಡೆ ತಿರುಗಿ, “ನೀವು ಗುರುತಿಸಲು ಬಂದವರಲ್ಲವೆ? ಓದಿದ್ದಿರಾ?” ಎಂದು ಕೇಳಿದರು. ನಾನು ಇಲ್ಲವೆಂದೆ. ಅವರು ಬೇರೇನೂ ಹೇಳಲಿಲ್ಲ. ಆ ಮೌನವು ನನಗೆ ಇಂದಿಗೂ ಮರೆತಿಲ್ಲ.

ಅಜ್ಜಿ ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ಕನ್ನಡದ್ದೇ ಬರೆದುಕೊಡಿ ಸ್ವಾಮಿ, ನಾನೇ ಓದಿ ರುಜು ಮಾಡುತ್ತೇನೆ” ಎಂದರು. ನೋಟರಿ ದಾಖಲೆ ಪುಸ್ತಕವನ್ನು ಮತ್ತೆ ತೆರೆದು, ಮೊದಲು ಬರೆದ ಸಾಲಿನ ಮುಂದೆ ‘ರುಜು ಆಗಲಿಲ್ಲ’ ಎಂದು ನಮೂದಿಸಿ, ಅದರ ಕೆಳಗೆ ತಮ್ಮ ಸಹಿ ಹಾಕಿದರು. ಸಾಲನ್ನು ಅಳಿಸಲಿಲ್ಲ, ಕೆರೆಯಲಿಲ್ಲ. ಒಂದು ಗಂಟೆಯ ಮೇಲೆ ಹೊಸ ಪತ್ರ ಸಿದ್ಧವಾಯಿತು. ಅಜ್ಜಿ ಅದನ್ನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಈ ಸಲ ನಾನೂ ಓದಿದೆ. ಅವರು ರುಜು ಮಾಡಿದ ಮೇಲೆ ನಾನು ಅವರನ್ನು ಬಲ್ಲೆನೆಂದು ಬರೆದು ನನ್ನ ಹೆಸರು, ತಂದೆಯ ಹೆಸರು, ವಿಳಾಸ ಹಾಕಿದೆ. ಮೊಹರು ಬಿದ್ದಿತು. ಇಂಗ್ಲಿಷಿನ ಪತ್ರವನ್ನು ಅಜ್ಜಿ ಕೇಳಿ ತೆಗೆದುಕೊಂಡು, ನಾಲ್ಕಾಗಿ ಹರಿದು, ಚೂರುಗಳನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಆಟೋರಿಕ್ಷಾ ಹತ್ತಿದರು.